ಸದ್ದಿಲ್ಲದ ಗಾಡಿಗೆ ಅತ್ತಿಗೆ ತಂದ ಸಾಲ

ಅತ್ತಿಗೆ-ನಾದಿನಿಯರೆಂದರೆ ಎಣ್ಣೆ-ಸೀಗೆಕಾಯಿ ಎಂದು ನಂಬಿದವರಿಗೆ ನಮ್ಮ ಮನೆ ಒಂದು ನಿರಾಸೆ. ನಾವು ಜಗಳವಾಡುವುದಿಲ್ಲವೆಂದಲ್ಲ. ಬಚ್ಚಲುಮನೆಯ ದೀಪ ಆರಿಸದೆ ಬಂದಿದ್ದರಿಂದ ಹಿಡಿದು ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎನ್ನುವವರೆಗೆ ನಮಗೆ ವಿಷಯ ಬೇಕಾದಷ್ಟಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಯಾರನ್ನೂ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಅಂಥ ನಾನು ಮನಸಾರೆ ಮೆಚ್ಚಿಕೊಂಡ ಒಂದು ಜೀವ ಈ ಭೂಮಿಯ ಮೇಲಿದ್ದರೆ ಅದು ನಮ್ಮ ಅತ್ತಿಗೆ. ಎದುರಿಗೆ ಎಂದೂ ಹೇಳಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾರೆ.

ಅಣ್ಣ, ಅತ್ತಿಗೆ, ನಾನು, ಮೂವರೂ ನಗರಸಭೆಯ ಅನ್ನ ಉಣ್ಣುವವರು. ನಾನು ಸಭೆಗಳ ನಡಾವಳಿ ಬರೆಯುತ್ತೇನೆ. ಯಾರು ಏನು ಹೇಳಿದರೋ ಅದನ್ನು ಬರೆಯುವುದು, ಆಮೇಲೆ ಅವರೇ ಬಂದು ‘ನಾನು ಹಾಗೆ ಹೇಳಿಯೇ ಇಲ್ಲ’ ಎಂದಾಗ ಜಗಳವಾಡುವುದು, ಇಷ್ಟೇ ನನ್ನ ಉದ್ಯೋಗ. ಅತ್ತಿಗೆ ನನ್ನ ಮೇಲಿನ ಮಹಡಿಯಲ್ಲಿ ಹಣಕಾಸು ಅಧಿಕಾರಿ. ಕಚೇರಿಯ ಗೇಟಿನ ಒಳಗೆ ಅವರು ನನಗೆ ಮೇಡಂ, ಗೇಟು ದಾಟಿ ಬಸ್‌ಸ್ಟಾಪಿಗೆ ಬಂದರೆ ಅತ್ತಿಗೆ. ಅಣ್ಣ ಅದೇ ನಗರಸಭೆಯ ಕಸದ ಲಾರಿಯ ಡ್ರೈವರ್. ಹೆಂಡತಿಗೆ ಫ್ಯಾನಿನ ಕೆಳಗೆ ಕುರ್ಚಿ, ಗಂಡನಿಗೆ ಕಸದ ಲಾರಿ ಎಂದು ಆಡಿಕೊಳ್ಳುವವರು ಬೇಕಾದಷ್ಟು ಜನ. ಅತ್ತಿಗೆ ಕ್ಯಾಷ್ ಕೌಂಟರಿನಲ್ಲಿ ಗುಮಾಸ್ತೆಯಾಗಿದ್ದಾಗ ಅಣ್ಣ ಸಂಬಳಕ್ಕೆ ಬಂದು, ಇಡೀ ಹಾಲಿಗೆ ಕೇಳುವ ಹಾಗೆ ‘ಮೇಡಂ, ನನ್ನದು ಆಯ್ತಾ?’ ಎಂದು ಕೂಗುತ್ತಿದ್ದನಂತೆ. ಅವರು ತಲೆಯೆತ್ತಿ ನೋಡಿದರು, ಕಥೆ ಮುಗಿಯಿತು. ಆಮೇಲೆ ಅವರು ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಮಹಡಿ ಹತ್ತಿದರು. ಅಣ್ಣ ಲಾರಿ ಹತ್ತಿದವನು ಇಳಿಯಲೇ ಇಲ್ಲ.

ಊರು ಅಣ್ಣನಿಗೆ ಇಟ್ಟ ಹೆಸರು ಗುಡುಗಪ್ಪ. ಬೆಳಕು ಹರಿಯುವ ಮುಂಚೆ ಅವನ ಲಾರಿ ಬೀದಿಗೆ ಬಂದರೆ ಕಿಟಕಿಯ ಗಾಜುಗಳು ನಡುಗುತ್ತವೆ, ನಾಯಿಗಳು ಬೊಗಳುತ್ತವೆ, ಮಕ್ಕಳು ಎದ್ದು ಕೂತು ರಾಗ ಎಳೆಯುತ್ತವೆ. ಡಿಪೋದ ಲಾರಿಗಳೆಲ್ಲ ಹಾಗೆಯೇ, ಅವನದು ಎಲ್ಲಕ್ಕಿಂತ ಹಳೆಯದು. ಬಾಗಿಲು ತೆರೆದು ಬೈಯದ ಮನೆಯಿಲ್ಲ. ಒಬ್ಬ ಬಾಣಂತಿಯಂತೂ ‘ಈಗ ತಾನೇ ಮಲಗಿಸಿದ್ದೆ ಕಣಯ್ಯಾ’ ಎಂದು ಅತ್ತೇಬಿಟ್ಟಳಂತೆ. ಅಣ್ಣ ಆ ದಿನ ಊಟ ಮಾಡಲಿಲ್ಲ. ನಿವೃತ್ತಿಗೆ ಇನ್ನು ಮೂರು ವರ್ಷವೂ ಇಲ್ಲದ ಅವನಿಗೆ ಇದ್ದ ಆಸೆ ಒಂದೇ.

“ಪುಟ್ಟಿ, ಒಂದು ದಿನವಾದ್ರೂ ನಾನು ಬಂದು ಹೋಗಿದ್ದು ಯಾರಿಗೂ ಗೊತ್ತಾಗಬಾರದು. ಒಂದು ಮಗುನೂ ಏಳಬಾರದು. ಹಾಗೆ ಒಂದು ರೌಂಡು ಹೊಡೆದು ರಿಟೈರ್ ಆದ್ರೆ ಸಾಕು” ಎನ್ನುತ್ತಿದ್ದ. ನನ್ನ ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾಗಿದೆ, ಅವನಿಗೆ ನಾನಿನ್ನೂ ಪುಟ್ಟಿ.

ಬ್ಯಾಟರಿ ಲಾರಿಗೆ ಸದ್ದಿಲ್ಲವೆಂದು ಅತ್ತಿಗೆ ಎಲ್ಲೋ ಓದಿದರು. ಅಲ್ಲಿಂದ ಶುರು. ನಗರಸಭೆಯ ಕಸದ ಲಾರಿಗಳನ್ನೆಲ್ಲ ಕರೆಂಟಿನ ಲಾರಿಗಳಾಗಿ ಬದಲಾಯಿಸಲು ಹಣ ಎಲ್ಲಿಂದ ತರುವುದು ಎನ್ನುವುದೇ ಅವರಿಗೆ ಎದ್ದರೂ ಕೂತರೂ ಚಿಂತೆಯಾಯಿತು. ಗಂಡನ ಮೇಲಿನ ಪ್ರೀತಿಗೆ ಹೆಂಗಸರು ಏನೇನೋ ಮಾಡುತ್ತಾರೆ. ಒಂದು ಇಡೀ ಊರಿನ ಬಜೆಟ್ಟನ್ನೇ ತಿರುಗಿಸಿ ಹಾಕಲು ಹೊರಟವರನ್ನು ನಾನು ಬೇರೆ ಕಂಡಿಲ್ಲ. ಇದನ್ನು ಅವರ ಮುಂದೆ ಹೇಳಿದರೆ ಒಪ್ಪುವುದಿಲ್ಲ. “ಡೀಸೆಲ್ ಬಿಲ್ ನೋಡಿದ್ದೀಯಾ? ಹೊಗೆ ನೋಡಿದ್ದೀಯಾ? ನಿಮ್ಮಣ್ಣನಿಗೋಸ್ಕರ ಅಂತೆ!” ಎಂದು ನನ್ನ ಮೇಲೇ ಹಾಯುತ್ತಾರೆ.

ತೊಡಕು ಏನೆಂದರೆ, ನಗರಸಭೆಗೆ ಎರಡು ಜೇಬು. ಗಾಡಿ ಕೊಳ್ಳುವ ಜೇಬು ಯಾವಾಗಲೂ ತೂತು. ಡೀಸೆಲ್ ಹಾಕಿಸುವ ಜೇಬು ಯಾವಾಗಲೂ ತುಂಬಿರುತ್ತದೆ, ಯಾಕೆಂದರೆ ಕಸ ನಿಂತರೆ ಊರು ನಾರುತ್ತದೆ. ಕರೆಂಟಿನ ಲಾರಿ ಕೊಳ್ಳುವಾಗ ಡೀಸೆಲ್ ಲಾರಿಯ ಎರಡರಷ್ಟು ಬೀಳುತ್ತದೆ, ಓಡಿಸುವಾಗ ತೀರ ಕಡಿಮೆಯಲ್ಲಿ ಓಡುತ್ತದೆ. ಹಾಗಾದರೆ ಸಾಲ ತಂದು ಗಾಡಿ ಕೊಂಡು, ಉಳಿಯುವ ಡೀಸೆಲ್ ದುಡ್ಡಿನಲ್ಲೇ ಸಾಲ ತೀರಿಸಬಹುದಲ್ಲ ಎಂದು ಅತ್ತಿಗೆ ಕೇಳಿದರು. ನಮ್ಮ ಮನೆಯಲ್ಲಾದರೆ ಹೂಂ ಅಂದು ಮುಗಿಸುತ್ತಿದ್ದೆವು. ನಗರಸಭೆಯಲ್ಲಿ ಈ ಜೇಬಿನ ದುಡ್ಡು ಆ ಜೇಬಿಗೆ ಹೋಗಲು ಭೂಮಿ ಆಕಾಶ ಒಂದಾಗಬೇಕು.

ಮೊದಲ ಸಭೆಯಲ್ಲಿ ಅಧ್ಯಕ್ಷರು ನಕ್ಕರು. “ಮೇಡಂ, ಮೊಬೈಲ್ ಚಾರ್ಜಿಗೆ ಹಾಕಿದಂಗೆ ಲಾರಿನೂ ಹಾಕ್ತೀರಾ?”

ಸಭೆ ಗೊಳ್ಳೆಂದಿತು. ಅತ್ತಿಗೆಯೂ ನಕ್ಕರು. “ಹಾಕ್ತೀವಿ ಸರ್. ಮೊಬೈಲಿಗೆ ಹಾಕೋದು ಮರೆತ್ರೆ ಫೋನ್ ಬರಲ್ಲ, ಲಾರಿಗೆ ಹಾಕೋದು ಮರೆತ್ರೆ ನಿಮಗೆ ಫೋನ್ ಬರುತ್ತೆ” ಎಂದರು. ಈ ಮಾತನ್ನು ನಡಾವಳಿಯಲ್ಲಿ ಬರೆದಿದ್ದೆ, ಅಧ್ಯಕ್ಷರು ತೆಗೆಸಿದರು.

ಹೀಗೆ ಸಭೆಯ ಮೇಲೆ ಸಭೆ. ಅವರು ಒಂದು ಸಲವೂ ದನಿಯೇರಿಸಲಿಲ್ಲ. ಬೈದವರ ಹತ್ತಿರವೇ ಮಾರನೆಯ ದಿನ ಹೋಗಿ ‘ನಿನ್ನೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ’ ಎಂದು ಕೂರುತ್ತಿದ್ದರು. ನಾನಾಗಿದ್ದರೆ ಪೇಪರ್‌ವೇಟ್ ಎಸೆಯುತ್ತಿದ್ದೆ. ಎರಡು ವರ್ಷ ಸವೆಸಿ ಕೊನೆಗೆ ಅವರು ಆ ಎರಡು ಜೇಬುಗಳ ನಡುವೆ ಒಂದು ದಾರಿ ಹೊಲಿದರು. ಊರುಗಳಿಗೆ ಇಂಥದ್ದಕ್ಕೆಂದೇ ಕಡಿಮೆ ಬಡ್ಡಿಗೆ ಸಾಲ ಕೊಡುವ ಒಂದು ಸರ್ಕಾರಿ ನಿಧಿ ಇತ್ತು. ಆ ನಿಧಿಯೂ ಒಪ್ಪಿತು, ಒಂದು ಷರತ್ತಿನ ಮೇಲೆ: ಮೊದಲು ಒಂದು ಲಾರಿಯನ್ನು ಪ್ರಯೋಗಕ್ಕೆ ಓಡಿಸಬೇಕು, ಅದು ಒಂದೇ ಚಾರ್ಜಿನಲ್ಲಿ ಇಡೀ ರೂಟು ಮುಗಿಸಿ ಡಿಪೋಗೆ ವಾಪಸು ಬರಬೇಕು.

ಪ್ರಯೋಗದ ಲಾರಿ ಬಂತು. ಡ್ರೈವರುಗಳೆಲ್ಲ ಸುತ್ತ ನಿಂತು ಮದುಮಗಳನ್ನು ನೋಡುವ ಹಾಗೆ ನೋಡಿದರು. ಯಾರು ಓಡಿಸಬೇಕೆಂದು ಚೀಟಿ ಎತ್ತುವಾಗ ಅತ್ತಿಗೆ ಅಣ್ಣನ ಚೀಟಿಯನ್ನು ಹಾಕಗೊಡಲಿಲ್ಲ. “ನನ್ನ ಗಂಡ ಓಡಿಸಿದ್ರೆ ನಾಳೆ ಯಾರಾದ್ರೂ ಒಂದು ಮಾತು ಅಂತಾರೆ” ಎಂದರು. ಅಣ್ಣನ ಮುಖ ಸಣ್ಣದಾಯಿತು, ಆದರೂ ತಲೆಯಾಡಿಸಿದ. ಚೀಟಿ ಮೀಸೆಗೆ ಬಂತು. ಮೀಸೆ ಎಂದರೆ ಒಬ್ಬ ಡ್ರೈವರ್, ಮನುಷ್ಯನಿಗಿಂತ ಅವನ ಮೀಸೆ ಮೊದಲು ಡಿಪೋಗೆ ಬರುತ್ತದೆ.

ಮೀಸೆ ಗಾಡಿ ಓಡಿಸಿದ್ದೇ ಓಡಿಸಿದ್ದು. ನಿಧಿಯ ಕಡೆಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಪ್ರತಿ ತೊಟ್ಟಿ ಎತ್ತಿದ್ದನ್ನೂ ಬರೆದುಕೊಂಡಳು. ಒಂದು ಬೀದಿ ಬಿಡಲಿಲ್ಲ, ಒಂದು ತೊಟ್ಟಿ ಬಿಡಲಿಲ್ಲ. ದಿನವೂ ಗಾಡಿ ಇನ್ನೂ ಒಂದಷ್ಟು ಚಾರ್ಜ್ ಉಳಿಸಿಕೊಂಡು ವಾಪಸು ಬರುತ್ತಿತ್ತು. ಗಾಡಿ ಮಾಡಿದ ಕಂಪನಿಯವರು ಹೇಳಿದ್ದಕ್ಕಿಂತ ಚೆನ್ನಾಗಿ ಓಡಿತು. “ಎಲ್ಲಾ ಕಾಲಲ್ಲಿದೆ, ಆಕ್ಸಿಲರೇಟರ್ ತುಳಿಯೋದ್ರಲ್ಲಿದೆ” ಎಂದು ಮೀಸೆ ಮೀಸೆ ತಿರುವಿದ. ನಿಧಿ ಸಾಲ ಮಂಜೂರು ಮಾಡಿತು. ಸೋಮವಾರ ಅವರ ಅಧಿಕಾರಿ ಬಂದು ಸಹಿ ಹಾಕುವುದೆಂದು ನಿಶ್ಚಯವಾಯಿತು. ಇಡೀ ಡಿಪೋಗೆ ಒಂದೇ ಕಂತಿನಲ್ಲಿ ಹೊಸ ಲಾರಿ.

ಅದರ ಹಿಂದಿನ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅತ್ತಿಗೆ ಅಷ್ಟು ಹಗುರವಾಗಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಅಣ್ಣನ ತಟ್ಟೆಗೆ ತಾವೇ ಎರಡನೆಯ ಸಲ ಬಡಿಸಿದರು. ಅಣ್ಣ ಬಾಯಿ ತುಂಬ ತುಂಬಿಕೊಂಡು, ಹೆಮ್ಮೆಯಿಂದ ಹೇಳಿದ.

“ನಿನ್ನ ಗಾಡಿಗೆ ನಾವೂ ಹೆಗಲು ಕೊಟ್ವಿ ಅಲ್ವಾ? ಬಿಟ್ಟುಬಿಡ್ತೀವಾ?”

“ಏನು ಕೊಟ್ರಿ?” ಎಂದರು ಅತ್ತಿಗೆ.

ಡಿಪೋದಲ್ಲಿ ಒಂದು ಪದ್ಧತಿ ಇದೆ. ಯಾವನಿಗಾದರೂ ಮೈ ಹುಷಾರಿಲ್ಲದಿದ್ದರೆ, ಅಥವಾ ಯಾರ ಲಾರಿಯಾದರೂ ಸೊರಗಿದ್ದರೆ, ಪಕ್ಕದ ರೂಟಿನವನು ಮುಂಚೆಯೇ ಅವನ ಬೀದಿಗೆ ಹೋಗಿ ಭಾರದ ತೊಟ್ಟಿಗಳನ್ನು ಅರ್ಧ ಖಾಲಿ ಮಾಡಿರುತ್ತಾನೆ. ಕೇಳುವುದಿಲ್ಲ, ಹೇಳುವುದಿಲ್ಲ, ಪಡೆದವನು ಥ್ಯಾಂಕ್ಸ್ ಅನ್ನುವುದೂ ಇಲ್ಲ. ಅದಕ್ಕೆ ಅವರು ಹೆಗಲು ಕೊಡುವುದು ಎನ್ನುತ್ತಾರೆ. ಅಣ್ಣನಿಗೆ ಜ್ವರ ಬಂದ ದಿನಗಳಲ್ಲಿ ಅವನಿಗೂ ಹಾಗೆ ಹೆಗಲು ಸಿಕ್ಕಿದೆ. ಆ ಗಂಡಸರ ನಡುವೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆಯಿಲ್ಲ.

“ಹೊಸದು, ಪಾಪ, ಬ್ಯಾಟರಿ ಗಾಡಿ. ಅದಕ್ಕೇನು ಗೊತ್ತು ನಮ್ಮ ಊರಿನ ಕಸ?” ಎಂದ ಅಣ್ಣ. “ಮಾರ್ಕೆಟ್ ಹಿಂದಿನ ದೊಡ್ಡ ತೊಟ್ಟಿಗಳು ನನ್ನ ಪಾಲು. ಆಸ್ಪತ್ರೆ ಕಡೇದು ಇನ್ನೊಬ್ಬ ನೋಡ್ಕೊಂಡ. ಎಲ್ಲಾ ತೊಟ್ಟೀಲೂ ಒಂಚೂರು ಬಿಟ್ಟಿರ್ತಿದ್ವಿ, ಆ ಹುಡುಗಿ ಬರ್ಕೋಬೇಕಲ್ಲ.”

“ಮೀಸೆಗೆ ಗೊತ್ತಾ?”

“ಹೆಗಲು ಕೊಡೋದನ್ನ ಯಾರಾದ್ರೂ ಹೇಳಿ ಕೊಡ್ತಾರಾ? ಅವನು ಎಲ್ಲಾ ತನ್ನ ಕಾಲಿನ ಮಹಿಮೆ ಅಂದ್ಕೊಂಡಿದ್ದಾನೆ” ಎಂದು ಅಣ್ಣ ಗಹಗಹಿಸಿ ನಕ್ಕ.

ನಾನೂ ನಗಲು ಬಾಯಿ ತೆರೆದವಳು ಅತ್ತಿಗೆಯ ಮುಖ ನೋಡಿ ಮುಚ್ಚಿದೆ. ಬಣ್ಣ ಇಳಿದಿತ್ತು.

“ಪ್ರತಿ ದಿನವೂ?” ಎಂದರು.

“ಪ್ರತಿ ದಿನ. ಒಂದು ದಿನ ತಪ್ಪಿಸಿಲ್ಲ.” ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ, ಹೊಗಳಿಕೆಗೆ ಕಾಯುತ್ತಿದ್ದ.

ಅತ್ತಿಗೆ ಕೈ ತೊಳೆದು ಬಂದು ಮತ್ತೆ ಅಲ್ಲೇ ಕೂತರು. “ರೀ, ಇಡೀ ಡಿಪೋಗೆ ಹೊಸ ಗಾಡಿ ಬರುತ್ತೆ. ಹಳೇವೆಲ್ಲಾ ಗುಜರಿಗೆ ಹೋಗುತ್ತೆ. ಆಮೇಲೆ ಯಾರಿಗೆ ಯಾರು ಹೆಗಲು ಕೊಡ್ತೀರಿ?”

ಅಣ್ಣ ಕೈಯ ತುತ್ತನ್ನು ತಟ್ಟೆಗೇ ಇಳಿಸಿದ.

“ಎಲ್ಲಾ ಗಾಡಿನೂ ನಡು ಬೀದೀಲಿ ನಿಲ್ಲುತ್ತೆ” ಎಂದರು ಅತ್ತಿಗೆ. “ಕಸ ಎತ್ತೋಕೆ ಮತ್ತೆ ಡೀಸೆಲ್ ಲಾರಿ ಬಾಡಿಗೆಗೆ ತರಬೇಕು. ಡೀಸೆಲ್ ದುಡ್ಡು ಉಳಿಯಲ್ಲ, ಸಾಲ ಮಾತ್ರ ಉಳಿಯುತ್ತೆ. ಅದನ್ನ ಊರಿನವರು ತೀರಿಸಬೇಕು. ಇನ್ನು ಯಾವ ಊರು ಕೇಳಿದ್ರೂ, ಅಲ್ಲಿ ಏನಾಯ್ತು ನೋಡಿದ್ರಲ್ಲ ಅಂತ ಬಾಗಿಲು ಹಾಕ್ತಾರೆ.”

“ನಾನು ನಿನಗೋಸ್ಕರ ಮಾಡಿದ್ದು ಕಣೇ” ಎಂದ ಅಣ್ಣ. ಅವನ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

“ಗೊತ್ತು ರೀ. ಗೊತ್ತಿರೋದಕ್ಕೇ ಬೈಯೋಕೆ ಆಗ್ತಿಲ್ಲ.”

“ಅತ್ತಿಗೆ, ನಾಳೆ ಸಹಿ ಆಗಲಿ. ಆಮೇಲೆ ನೋಡ್ಕೊಳ್ಳೋಣ. ಈಗ ಬಾಯಿಬಿಟ್ರೆ ಸಾಲ ಹೋಗುತ್ತೆ, ನಿಮ್ಮ ಹೆಸರು ಹೋಗುತ್ತೆ, ಗಂಡ ಹೆಂಡತಿ ಸೇರಿ ನಾಟಕ ಆಡಿದ್ರು ಅಂತಾರೆ. ಅಣ್ಣನ ಕೆಲಸಕ್ಕೂ ಸಂಚಕಾರ” ಎಂದು ಒಂದೇ ಉಸಿರಿಗೆ ಸಿಡಿದೆ.

ಅವರು ನನ್ನ ಕಡೆ ತಿರುಗಿದರು. “ನಾಳೆ ಸಭೆಗೆ ನಡಾವಳಿ ಬರೆಯೋಳು ನೀನೇ ಅಲ್ವಾ? ಪ್ರಯೋಗ ಯಶಸ್ವಿಯಾಗಿದೆ ಅಂತ ಬರೀತೀಯಾ?”

ನಾನು ತಟ್ಟೆಗಳನ್ನು ದಡಬಡ ಎತ್ತಿಕೊಂಡು ಒಳಗೆ ಹೋದೆ.

ಸೋಮವಾರ ಸಭಾಂಗಣದಲ್ಲಿ ಹೂಗುಚ್ಛವಿತ್ತು, ಫೋಟೋದವನಿದ್ದ. ಅಧ್ಯಕ್ಷರು ಹೊಸ ಕಪ್ಪು ಕೋಟು ಹಾಕಿದ್ದರು. ನಿಧಿಯ ಅಧಿಕಾರಿ ಸಣ್ಣ ಮೈಕಟ್ಟಿನ ಹೆಂಗಸು, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಆಕೆ ಪೆನ್ನಿನ ಮುಚ್ಚಳ ತೆಗೆದಾಗ ಅತ್ತಿಗೆ ಎದ್ದು ನಿಂತರು.

“ಸಹಿ ಹಾಕಬೇಡಿ ಮೇಡಂ. ಪ್ರಯೋಗದ ಗಾಡಿ ಪೂರ್ತಿ ಭಾರ ಹೊತ್ತಿಲ್ಲ. ಬೇರೆ ಲಾರಿಗಳು ಮುಂಚೆಯೇ ಹೋಗಿ ತೊಟ್ಟಿಗಳನ್ನ ಹಗುರ ಮಾಡಿದ್ವು. ನನಗೆ ನಿನ್ನೆ ಗೊತ್ತಾಯ್ತು.”

ಅಧ್ಯಕ್ಷರ ಮುಖ ಕೋಟಿನ ಬಣ್ಣಕ್ಕೆ ತಿರುಗಿತು. “ಯಾರು ಮಾಡಿದ್ದು ಇದನ್ನ?” ಎಂದು ಮೇಜು ಗುದ್ದಿದರು.

“ಡಿಪೋದ ಡ್ರೈವರುಗಳು ಸರ್. ಯಾರೂ ಲಾಭಕ್ಕೆ ಮಾಡಿದ್ದಲ್ಲ. ಅವರಲ್ಲಿ ಸೋತವನಿಗೆ ಹೀಗೆ ಹೆಗಲು ಕೊಡೋ ರೂಢಿ ಇದೆ, ಹೊಸ ಗಾಡಿಗೂ ಹಾಗೇ ಮಾಡಿದ್ರು. ಮೊದಲು ಮಾಡಿದವರು ನನ್ನ ಗಂಡ.”

ನಾನು ಬರೆಯುತ್ತಿದ್ದೆ. ‘ನನ್ನ ಗಂಡ’ ಎನ್ನುವಲ್ಲಿಗೆ ಬಂದಾಗ ಕೈ ನಿಂತಿತು. ಅತ್ತಿಗೆ ನನ್ನತ್ತ ಒಮ್ಮೆ ನೋಡಿದರು, ನಾನು ಬರೆದೆ. ಆ ಕೊಠಡಿಯಲ್ಲಿ ಎಷ್ಟೋ ದೊಡ್ಡ ಮಾತುಗಳನ್ನು ಬರೆದಿದ್ದೇನೆ, ಒಂದೂ ನೆನಪಿಲ್ಲ. ಈ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಆ ಹೊತ್ತಿಗೆ ಅವರನ್ನು ನೋಡಿ ನನಗೆ ಹೆಮ್ಮೆಯೂ ಆಯಿತು, ಜೊತೆಗೆ ಒಂದು ಬಿಗಿಯಬೇಕೆನ್ನುವಷ್ಟು ಸಿಟ್ಟೂ ಬಂತು.

ಅಧ್ಯಕ್ಷರು ಅಷ್ಟೂ ಡ್ರೈವರುಗಳನ್ನು ಸಸ್ಪೆಂಡ್ ಮಾಡುತ್ತೇನೆಂದು ಹಾರಾಡಿದರು. ನಿಧಿಯ ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿ, “ಅವರನ್ನೆಲ್ಲಾ ಮನೆಗೆ ಕಳಿಸಿದ್ರೆ ನಾಳೆ ಕಸ ನೀವು ಎತ್ತುತ್ತೀರಾ?” ಎಂದು ಕೇಳಿದರು. ಆಮೇಲೆ ಅತ್ತಿಗೆಗೆ ಹೇಳಿದರು. “ಇನ್ನೊಂದ್ಸಲ ಓಡಿಸಿ. ಈ ಸಲ ಗಾಡೀಲಿ ನಾನೇ ಕೂರ್ತೀನಿ. ಭಾರ ಕಡಿಮೆ ಆಗಬಾರದು.”

ಎರಡನೆಯ ಪ್ರಯೋಗದ ದಿನ ಮೀಸೆಯ ಮೀಸೆ ಜೋತುಬಿದ್ದಿತ್ತು. ಅವನ ಕಾಲಿನ ಮಹಿಮೆಯ ಗುಟ್ಟು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಪಕ್ಕದಲ್ಲಿ ನಿಧಿಯ ಅಧಿಕಾರಿ. ಹಿಂದೆ ಜೀಪಿನಲ್ಲಿ ಅತ್ತಿಗೆ ಮತ್ತು ನಾನು. ಗಾಡಿ ಕೆಟ್ಟು ನಿಂತರೆ ಎಳೆಯಲು ಎಲ್ಲರ ಹಿಂದೆ ಅಣ್ಣನ ಹಳೆಯ ಲಾರಿ ಗುಡುಗುತ್ತ ಬರುತ್ತಿತ್ತು.

ಮಾರ್ಕೆಟ್ಟಿನ ಹಿಂದೆ ತೊಟ್ಟಿಗಳು ತುಂಬಿ ತುಳುಕುತ್ತಿದ್ದವು, ಕೊಳೆತ ತರಕಾರಿಯಿಂದ ನೀರು ಸೋರುತ್ತಿತ್ತು. ಹೊಸ ಗಾಡಿ ಒಂದೊಂದನ್ನೂ ಎತ್ತಿ ತನ್ನ ಹೊಟ್ಟೆಗೆ ಸುರಿದುಕೊಂಡಿತು. ಪ್ರತಿ ಎತ್ತುವಿಕೆಗೂ ಅದು ಸಣ್ಣಗೆ ನರಳಿದಂತೆ ನನಗನಿಸಿತು. ಜೀಪಿನ ಕನ್ನಡಿಯಲ್ಲಿ ಅಣ್ಣ ಕಾಣುತ್ತಿದ್ದ. ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿದ್ದ. ತುಂಬಿದ ತೊಟ್ಟಿಯ ಪಕ್ಕದಲ್ಲೇ ಕೈಕಟ್ಟಿ ಹೋಗುವುದು ಅವನಿಗೆ ಹುಟ್ಟಿದಾಗಿನಿಂದ ಅಭ್ಯಾಸವಿಲ್ಲ.

ಆಸ್ಪತ್ರೆ ದಾಟಿತು. ಶಾಲೆ ದಾಟಿತು. ಡಿಪೋಗೆ ಇನ್ನು ಕೆಲವೇ ಬೀದಿ ಇದೆ ಎನ್ನುವಾಗ, ದೊಡ್ಡ ರಸ್ತೆಯ ಏರಿನಲ್ಲಿ ಗಾಡಿ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಹಿಂದೆ ಕಾರುಗಳು ಕಿವಿ ಕಿತ್ತುಹೋಗುವ ಹಾಗೆ ಹಾರನ್ ಬಾರಿಸತೊಡಗಿದವು. ಅಂಗಡಿಯವರು ಹೊರಗೆ ಬಂದರು. ಎದುರಿನಿಂದ ಬರುತ್ತಿದ್ದ ನಮ್ಮ ಡಿಪೋದ ಇನ್ನೊಂದು ಲಾರಿಯ ಆಳುಗಳು ಸುಮ್ಮನಿರಲಾರದೆ ಕೆಳಗೆ ಹಾರಿ, ತಳ್ಳಲು ಓಡಿ ಬಂದರು.

“ಯಾರೂ ಮುಟ್ಟಬೇಡಿ!”

ಕೂಗಿದವನು ಅಣ್ಣ. ಗುಡುಗಪ್ಪ ಎಂದು ಹೆಸರಿಟ್ಟವರು ಅವತ್ತು ಆ ದನಿ ಕೇಳಬೇಕಿತ್ತು. ಹಾರನ್‌ಗಳು ಕೂಡ ಒಂದು ಗಳಿಗೆ ನಿಂತವು. ಅವನು ಲಾರಿಯಿಂದ ಇಳಿದು ಬಂದು, ಹೊಸ ಗಾಡಿಗೂ ಆ ಆಳುಗಳಿಗೂ ನಡುವೆ ಕೈ ಚಾಚಿ ನಿಂತ. ಕಣ್ಣು ಕೆಂಪಾಗಿತ್ತು. “ಮೇಡಂ ಬರ್ಕೊಳ್ಳೋವರೆಗೂ ಯಾರೂ ಮುಟ್ಟಬಾರದು” ಎಂದ. ಹೆಂಡತಿಯನ್ನು ಅವನು ಮೇಡಂ ಎಂದು ಕರೆದಿದ್ದು ಕ್ಯಾಷ್ ಕೌಂಟರಿನ ಕಾಲದ ಮೇಲೆ ಅದೇ ಮೊದಲು.

ಅತ್ತಿಗೆ ಜೀಪಿನಿಂದ ಇಳಿದು ಮುಂದೆ ಹೋದರು. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು, ಅರ್ಧ ಊರು ನೋಡುತ್ತಿತ್ತು. ನಿಧಿಯ ಅಧಿಕಾರಿ ಗಾಡಿಯ ಬಾಗಿಲು ತೆರೆದರು.

“ಇಲ್ಲಿಗೆ ನಿಂತಿತು ಮೇಡಂ. ಇದು ನಿಜವಾದ ಲೆಕ್ಕ” ಎಂದರು ಅತ್ತಿಗೆ. “ಸಾಲ ಕೇಳೋದಾದ್ರೆ ನಾನು ಇಲ್ಲಿಂದಲೇ ಕೇಳಬೇಕು.”

“ಹೇಳಿ.”

“ಕಸ ಇಳಿಸೋ ಯಾರ್ಡಲ್ಲಿ ಡ್ರೈವರುಗಳು ಊಟಕ್ಕೆ ಕೂರ್ತಾರೆ. ಆ ಹೊತ್ತಲ್ಲಿ ಗಾಡಿಗೂ ಊಟ ಹಾಕಬೇಕು. ಅಲ್ಲೊಂದಿಷ್ಟು ಚಾರ್ಜರ್, ಅದರ ಭಾರ ತಡೆಯೋ ಅಂಥ ಟ್ರಾನ್ಸ್‌ಫಾರ್ಮರ್, ಕೇಬಲ್ಲು. ಗಾಡಿಗೆ ಅಂತ ಕೊಡೋ ಸಾಲದಲ್ಲಿ ಇದಕ್ಕೂ ಕೊಡಿ.”

“ಹಾಗೆ ಮಾಡಿದ್ರೆ ಮೊದಲ ಕಂತಲ್ಲಿ ಗಾಡಿ ಕಡಿಮೆ ಬರುತ್ತೆ. ಅರ್ಧ ಕೂಡ ಬರಲ್ಲ.”

“ಬರಲಿ. ಬಂದಷ್ಟೂ ಓಡುತ್ತೆ.”

ಆಕೆ ಕನ್ನಡಕದ ಮೇಲಿಂದ ಅತ್ತಿಗೆಯನ್ನು ನೋಡಿದರು. “ಓಡೋ ಗಾಡಿ ತೋರಿಸಿ ಸಾಲ ಕೇಳಿದವರನ್ನ ಬೇಕಾದಷ್ಟು ನೋಡಿದ್ದೀನಿ. ನಿಂತ ಗಾಡಿ ತೋರಿಸಿ ಕೇಳಿದವರು ನೀವೊಬ್ಬರೇ” ಎಂದು ಇಳಿದು ಬಂದರು. ಆಮೇಲೆ ಅಣ್ಣ ತನ್ನ ಲಾರಿಗೆ ಹಗ್ಗ ಕಟ್ಟಿ ಹೊಸ ಗಾಡಿಯನ್ನು ಡಿಪೋಗೆ ಎಳೆದುಕೊಂಡು ಹೋದ.

ಸಾಲ ಬಂತು. ಇಡೀ ಡಿಪೋಗಲ್ಲ, ಮೊದಲ ಕಂತಿನಲ್ಲಿ ಕೆಲವು ಗಾಡಿ, ಯಾರ್ಡಿನಲ್ಲಿ ಚಾರ್ಜರುಗಳು. ಎರಡನೆಯ ಕಂತು ಇವು ಒಂದೆರಡು ವರ್ಷ ಓಡಿದ ಮೇಲೆ. ಹೊಸ ಗಾಡಿ ಯಾರ ಕೈಗೆ ಎನ್ನುವುದು ಸೇವಾ ಹಿರಿತನದ ಮೇಲೆ ಎಂದು ತೀರ್ಮಾನವಾಯಿತು. ಡಿಪೋದಲ್ಲಿ ಅಣ್ಣನಿಗಿಂತ ಹಿರಿಯರಿಲ್ಲ. ನಾನು ಮನಸ್ಸಿನಲ್ಲೇ ಸಿಹಿ ಹಂಚಿಯಾಗಿತ್ತು.

ಡಿಪೋದ ಗೋಡೆಗೆ ಹೆಸರು ಅಂಟಿಸಿದ ದಿನ ಹೋಗಿ ನೋಡುತ್ತೇನೆ, ಮೀಸೆಯ ಹೆಸರಿದೆ, ಅಣ್ಣನ ಹೆಸರೇ ಇಲ್ಲ. ಎರಡನೆಯ ಕಂತಿಗೆ ಹಾಕಿದ್ದರು. ಅದು ಬರುವಷ್ಟರಲ್ಲಿ ಅವನು ರಿಟೈರಾಗಿರುತ್ತಾನೆ.

ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಗೆ ಬಂದೆ. ಅತ್ತಿಗೆ ಅಡುಗೆಮನೆಯಲ್ಲಿದ್ದರು. “ನಿಮ್ಮ ನಿಯತ್ತಿಗೆ ದೊಡ್ಡ ನಮಸ್ಕಾರ ಅತ್ತಿಗೆ!” ಎಂದು ಶುರು ಮಾಡಿದೆ. “ಊರಿಗೆಲ್ಲಾ ಗಾಡಿ ತಂದುಕೊಟ್ರಿ. ಯಾರಿಗೋಸ್ಕರ ಶುರು ಮಾಡಿದ್ರೋ ಅವನ ಹೆಸರನ್ನೇ ಹೊಡೆದು ಹಾಕಿದ್ರಲ್ಲಾ? ಒಂದು ಮಾತು ಬರಬಾರದು ಅಂತ ಅವನ ಆಸೆಗೆ ಕಲ್ಲು ಹಾಕಿದ್ರಾ? ಎಂಥ ಹೆಂಗಸು ನೀವು!”

ಅವರು ನನ್ನತ್ತ ತಿರುಗಲಿಲ್ಲ. ಒಲೆ ಆರಿಸಿದರು.

“ನಾನು ಹೊಡೆದು ಹಾಕಲಿಲ್ಲ. ಹಾಕಬಾರದು ಅಂತ ಗೋಗರೆದೆ” ಎಂದರು. “ಅವರೇ ಡಿಪೋಗೆ ಹೋಗಿ ತೆಗೆಸಿಕೊಂಡು ಬಂದಿದ್ದಾರೆ. ‘ಎಲ್ಲಾ ಸೇರಿ ಮಾಡಿದ ತಪ್ಪಿಗೆ ಸಭೇಲಿ ನೀನು ನನ್ನ ಹೆಸರು ಮಾತ್ರ ಹೇಳಿದೆ, ಇನ್ಯಾರನ್ನೂ ಸಿಕ್ಕಿಸಲಿಲ್ಲ. ಈಗ ಮೊದಲನೇ ಗಾಡೀಲಿ ನಾನೇ ಹೋಗಿ ಕೂತ್ರೆ, ನೀನು ಅವತ್ತು ಎದ್ದು ನಿಂತಿದ್ದಕ್ಕೆ ಏನು ಬೆಲೆ?’ ಅಂದ್ರು. ನಾನು ಏನು ಹೇಳಲಿ?”

ಆಗ ಅವರು ಅತ್ತರು. ನಗರಸಭೆಯ ಎಲ್ಲರ ಬೈಗುಳ ಕಿವಿಯ ಮೇಲೆ ಹಾಕಿಕೊಳ್ಳದವರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಪಕ್ಕದಲ್ಲಿ ಹೋಗಿ ನಿಂತೆ, ಅಷ್ಟೇ. ಇವರೊಬ್ಬರನ್ನೇ ಮೆಚ್ಚಿಕೊಂಡಿದ್ದೇನೆ ಅಂದುಕೊಂಡಿದ್ದೆನಲ್ಲ, ಅದು ತಪ್ಪು ಎಂದು ಆವತ್ತು ತಿಳಿಯಿತು.

ಹೊಸ ಗಾಡಿಗಳು ಬೀದಿಗಿಳಿದ ವಾರ ಅಣ್ಣನ ರಜೆಯ ದಿನ ಬಂತು. ರಜೆಯಿದ್ದರೂ ಅವನು ಮಲಗುವವನಲ್ಲ. ನಮ್ಮ ಬೀದಿಗೆ ಬರುವ ಲಾರಿ ಸದ್ದು ಮಾಡಿದ ಕೂಡಲೆ ಎದ್ದು, ಗೇರು ಸರಿಯಾಗಿ ಹಾಕಲಿಲ್ಲವೆಂದು ಹಾಸಿಗೆಯಿಂದಲೇ ಬೈಯುವುದು ವಾಡಿಕೆ. ಆವತ್ತು ಬೆಳ್ಳಗೆ ಬೆಳಗಾದರೂ ಅವನ ಕೋಣೆಯಿಂದ ಗೊರಕೆ ಕೇಳುತ್ತಿತ್ತು. ಅತ್ತಿಗೆ, ನಾನು ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಅವನು ಗಾಬರಿಯಿಂದ ಎದ್ದು ಬಂದ.

“ಕಸದ ಗಾಡಿ ಬರಲಿಲ್ವಾ? ನಮ್ಮ ಬೀದಿ ಮೀಸೆದಲ್ವಾ? ಕೈ ಕೊಟ್ಟುಬಿಟ್ಟನಾ?”

ನಮಗೂ ಗೊತ್ತಿರಲಿಲ್ಲ. ಅಣ್ಣ ಬರಿಗಾಲಲ್ಲೇ ಹೊರಗೆ ಓಡಿದ. ನಾವೂ ಹಿಂದೆಯೇ ಹೋದೆವು. ಬೀದಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಅವನು ನಮ್ಮ ಮನೆಯ ತೊಟ್ಟಿಯ ಮುಚ್ಚಳ ಎತ್ತಿದ, ಒಳಗೆ ಇಣುಕಿದ. ಪಕ್ಕದ ಮನೆಯದನ್ನು ಎತ್ತಿದ. ಅದರ ಪಕ್ಕದ್ದನ್ನು ಎತ್ತಿದ. ಬೀದಿಯ ಕೊನೆಯವರೆಗೂ ಒಂದೊಂದನ್ನೇ ಎತ್ತಿ ನೋಡಿಕೊಂಡು ಹೋದ. ಅಲ್ಲೇ ನಿಂತು, ಇತ್ತ ತಿರುಗಿ, ಅತ್ತಿಗೆಗೆ ಎರಡೂ ಕೈ ಎತ್ತಿ ತನ್ನ ಗಂಟಲಿನಷ್ಟೂ ಜೋರಾಗಿ ಕೂಗಿದ.

“ಬಂದು ಹೋಗಿದ್ದಾನೆ ಕಣೇ! ಎಲ್ಲಾ ಖಾಲಿ! ನನಗೇ ಗೊತ್ತಾಗ್ಲಿಲ್ಲ!”

ಎದುರುಮನೆಯ ಮಗು ಬೆಚ್ಚಿ ಎದ್ದು ಅಳತೊಡಗಿತು.